ಎಂಬೊಲೈಸೇಷನ್ ಬಂತೆಂದು ಬರ್ ಹೋಲ್ ಕೈಬಿಡಬೇಕೇ?

ಡಾಕ್ಟರೇ, ನೀವು ಕೇಳಿದ್ದು ಇಷ್ಟು: ಜಿಲ್ಲಾ ಆಸ್ಪತ್ರೆಗೆ ಬಂದಿರುವ 74 ವರ್ಷದ ರೋಗಿ, ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದವರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಸಿಟಿಯಲ್ಲಿ ಎಡಗಡೆ 18 ಮಿ.ಮೀ. ದಪ್ಪದ ಕ್ರಾನಿಕ್ ಸಬ್‌ಡ್ಯೂರಲ್ (ಮೆದುಳಿನ ಹೊರಹೊದಿಕೆಯಾದ ಡ್ಯೂರಾದ ಕೆಳಗೆ ನಿಂತ ಹಳೇ ರಕ್ತ), ಮೆದುಳಿನ ನಡುಗೆರೆ ಅಂದರೆ ಮಿಡ್‌ಲೈನ್ 8 ಮಿ.ಮೀ. ಸರಿದಿದೆ, ಬಲಗೈ ದಿನೇದಿನೇ ಸೋಲುತ್ತಿದೆ. ಮಿಡಲ್ ಮೆನಿಂಜಿಯಲ್ ಆರ್ಟರಿ ಎಂಬೊಲೈಸೇಷನ್‌ಗೆ (ಡ್ಯೂರಾಕ್ಕೆ ರಕ್ತ ಕೊಡುವ ನಾಳವನ್ನು ಒಳಗಿನಿಂದ ಮುಚ್ಚುವುದಕ್ಕೆ) ಬೆಂಗಳೂರಿಗೆ ಕಳಿಸಬೇಕೋ, ಇಲ್ಲೇ ಬರ್ ಹೋಲ್ (ತಲೆಬುರುಡೆಗೆ ತೂತು ಕೊರೆದು ರಕ್ತ ತೆಗೆಯುವುದು) ಮಾಡಬೇಕೋ, ಅಲ್ಲಿಯವರೆಗೆ ಡೆಕ್ಸಾ (ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್) ಕೊಡಬಹುದೋ?

ಇಲ್ಲೇ ಮಾಡಿ. ಡೆಕ್ಸಾ ಬೇಡ. ಎಂಬೊಲೈಸೇಷನ್ ಬೇಕೋ ಬೇಡವೋ ಅನ್ನುವುದನ್ನು ಆಪರೇಷನ್ ಆದ ಮೇಲೆ ನಿಧಾನವಾಗಿ ಯೋಚಿಸಬಹುದು.

ಕಾರಣ ಹೆಮಟೋಮಾದ, ಅಂದರೆ ನಿಂತ ರಕ್ತದ, ಸುತ್ತಲಿನ ಪೊರೆಯಲ್ಲೇ ಇದೆ. ಕ್ರಾನಿಕ್ ಸಬ್‌ಡ್ಯೂರಲ್ ಅಂದರೆ ಬರೀ ಹಳೇ ರಕ್ತದ ಚೀಲವಲ್ಲ. ಡ್ಯೂರಾಕ್ಕೆ ಅಂಟಿಕೊಂಡ ಹೊರಪೊರೆಯಲ್ಲಿ ಹೊಸದಾಗಿ ಹುಟ್ಟಿದ ನಾಜೂಕಾದ ಕ್ಯಾಪಿಲರಿಗಳು (ಕೂದಲೆಳೆಯಂಥ ರಕ್ತನಾಳಗಳು) ಇರುತ್ತವೆ. ಅವು ಸೋರುತ್ತಲೇ ಇರುವುದರಿಂದ ಹೆಮಟೋಮಾ ಬೆಳೆಯುತ್ತದೆ. ಅವಕ್ಕೆ ರಕ್ತ ಬರುವುದು ಮುಖ್ಯವಾಗಿ ಮಿಡಲ್ ಮೆನಿಂಜಿಯಲ್ ಆರ್ಟರಿಯಿಂದ. ಎಂಬೊಲೈಸೇಷನ್ ಈ ನೀರಿನ ಮೂಲವನ್ನು ಕಟ್ಟುತ್ತದೆಯೇ ಹೊರತು ತುಂಬಿ ನಿಂತದ್ದನ್ನು ಖಾಲಿ ಮಾಡುವುದಿಲ್ಲ. ಖಾಲಿಯಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಸೋಲುತ್ತಿರುವ ಕೈ ಅಷ್ಟು ಕಾಯುವುದಿಲ್ಲ.

ಈ ವಿಷಯದಲ್ಲಿ ಗದ್ದಲ ಎದ್ದದ್ದು 2024ರ ನವೆಂಬರ್‌ನಲ್ಲಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಟ್ರಯಲ್‌ಗಳು ಒಟ್ಟಿಗೆ ಬಂದಾಗ. ಅಮೆರಿಕದ ಎಂಬೊಲೈಸ್ ಟ್ರಯಲ್‌ನಲ್ಲಿ 400 ರೋಗಿಗಳಿದ್ದರು. ಬರೀ ಆಪರೇಷನ್ ಆದವರಲ್ಲಿ 90 ದಿನದೊಳಗೆ ಮತ್ತೆ ತುಂಬಿಕೊಂಡು ಎರಡನೇ ಆಪರೇಷನ್ ಬೇಕಾದವರು 11.3%, ಜೊತೆಗೆ ಓನಿಕ್ಸ್ ಎಂಬ ನಾಳ ಮುಚ್ಚುವ ದ್ರವ ಹಾಕಿ ರಕ್ತನಾಳ ಮುಚ್ಚಿಸಿಕೊಂಡವರಲ್ಲಿ 4.1%. ಅಂದರೆ ಸುಮಾರು 14 ಜನಕ್ಕೆ ಮಾಡಿದರೆ ಒಬ್ಬರಿಗೆ ಎರಡನೇ ಆಪರೇಷನ್ ತಪ್ಪುತ್ತದೆ. ಒಳ್ಳೆಯ ಫಲಿತಾಂಶವೇ. ಆದರೆ ಅದೇ ಟ್ರಯಲ್‌ನಲ್ಲಿ ಎಂಬೊಲೈಸೇಷನ್‌ನಿಂದಲೇ ಗಂಭೀರ ತೊಂದರೆ ಆದವರು 4 ಜನ, ಅವರಲ್ಲಿ 2 ಜನಕ್ಕೆ ಅಂಗ ಊನವಾಗುವಂಥ ಸ್ಟ್ರೋಕ್. ಚೀನಾದ ಮ್ಯಾಜಿಕ್-ಎಂಟಿಯಲ್ಲಿ 722 ಜನ, ಅಲ್ಲಿ ಮರುಕಳಿಸಿದ್ದು ಅಥವಾ ಹೆಚ್ಚಿದ್ದು ಎಂಬೊಲೈಸೇಷನ್ ಆದವರಲ್ಲಿ 6.7%, ಆಗದವರಲ್ಲಿ 9.9%, ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ.

ಈಗ ಇದರ ಪಕ್ಕದಲ್ಲಿ ಕೇಂಬ್ರಿಜ್‌ನ 2009ರ ಡ್ರೈನ್ (ಆಪರೇಷನ್ ನಂತರ ಉಳಿದ ದ್ರವ ಹೊರಹೋಗಲು ಬಿಡುವ ಕೊಳವೆ) ಟ್ರಯಲ್ ಇಟ್ಟು ನೋಡಿ. 215 ರೋಗಿಗಳು. ಡ್ರೈನ್ ಬಿಡದಿದ್ದಾಗ ಮರುಕಳಿಸಿದ್ದು 24%, ಬಿಟ್ಟಾಗ 9.3%. ಆರು ತಿಂಗಳಲ್ಲಿ ಸಾವು 18.1%ರಿಂದ 8.6%ಕ್ಕೆ ಇಳಿಯಿತು. ಇಲ್ಲಿ 7 ಜನಕ್ಕೆ ಒಬ್ಬರಿಗೆ ಲಾಭ, ಅದೂ ಒಂದು ಮೃದು ಸಿಲಿಕೋನ್ ಕೊಳವೆಯ ಖರ್ಚಿನಲ್ಲಿ. ಎಂಬೊಲೈಸೇಷನ್ ಮಾಡುವ ಕ್ಯಾಥ್ ಲ್ಯಾಬ್ ಇಲ್ಲ ಎಂದು ಕೊರಗುವ ಮೊದಲು ನಿಮ್ಮ ಥಿಯೇಟರ್‌ನಲ್ಲಿ ಪ್ರತಿ ಕೇಸಿಗೂ ಡ್ರೈನ್ ಬಿಡುತ್ತಿದ್ದಾರಾ ನೋಡಿಕೊಳ್ಳಿ. "ಮೆದುಳು ಚೆನ್ನಾಗಿ ಮೇಲೆ ಬಂತು, ಡ್ರೈನ್ ಬೇಡ" ಎನ್ನುವ ಮಾತು ಇನ್ನೂ ಕೇಳುತ್ತದೆ. ನನ್ನ ಪ್ರಕಾರ ಡ್ರೈನ್ ಬಿಡದಿರಲು ಒಪ್ಪಬಹುದಾದ ಕಾರಣ ಒಂದೇ, ಡ್ಯೂರಾದ ಕೆಳಗೆ ಸುರಕ್ಷಿತವಾಗಿ ತೂರಿಸಲು ಜಾಗವೇ ಇಲ್ಲದಿರುವುದು. ಆಗಲೂ ಪೆರಿಯಾಸ್ಟಿಯಂ (ಮೂಳೆಯ ಹೊರಪದರ) ಕೆಳಗೆ, ಮೂಳೆಯ ಮೇಲೆ ಬಿಡಬಹುದು. ಸ್ವಿಟ್ಜರ್ಲೆಂಡಿನ 2019ರ ಟ್ರಯಲ್‌ನಲ್ಲಿ ಹಾಗೆ ಬಿಟ್ಟವರಲ್ಲಿ ಮರುಕಳಿಕೆ 8.3%, ಸಬ್‌ಡ್ಯೂರಲ್ ಬಿಟ್ಟವರಲ್ಲಿ 12%. ಕೊಳವೆ ತಪ್ಪು ಜಾಗಕ್ಕೆ ಹೋಗುವುದೂ ಕಡಿಮೆ.

ಆಪರೇಷನ್ ಎಲ್ಲರಿಗೂ ಗೊತ್ತಿರುವುದೇ, ಕೆಡುವುದು ಮಾತ್ರ ಸಣ್ಣ ಸಣ್ಣ ಕಡೆ. ಎರಡು ತೂತುಗಳನ್ನು, ಮುಂದೆ ಕ್ರ್ಯಾನಿಯಾಟಮಿಗೆ (ತಲೆಬುರುಡೆಯ ತುಂಡು ತೆಗೆಯುವುದಕ್ಕೆ) ಹೋಗಬೇಕಾಗಿ ಬಂದರೆ ಒಂದೇ ಫ್ಲಾಪ್‌ನಲ್ಲಿ ಸೇರಿಸುವಂತೆ ಗುರುತು ಹಾಕಿ. ಅಭ್ಯಾಸದ ಜಾಗಕ್ಕೆ ಹಾಕಬೇಡಿ, ಸಿಟಿಯಲ್ಲಿ ಹೆಮಟೋಮಾ ದಪ್ಪಗಿರುವ ಕಡೆ ಅಳೆದು ಹಾಕಿ. ಡ್ಯೂರಾವನ್ನು ಬೈಪೋಲಾರ್‌ನಿಂದ ಸುಟ್ಟು ಅಡ್ಡಉದ್ದ ಸೀಳುವಾಗ ಎಂಜಿನ್ ಆಯಿಲ್‌ನಂಥ ದ್ರವ ಚಿಮ್ಮುತ್ತದೆ. ಆಗ ಬೆರಳಿನಿಂದಲೋ ಹತ್ತಿಯ ಪ್ಯಾಟಿಯಿಂದಲೋ ಒತ್ತಿ ಹಿಡಿದು ನಿಧಾನವಾಗಿ ಬಿಡಿ. ವಯಸ್ಸಾದವರಲ್ಲಿ ಒಮ್ಮೆಲೇ ಒತ್ತಡ ಇಳಿದರೆ ಮೆದುಳಿನೊಳಗೆ ರಕ್ತಸ್ರಾವ ಆಗಬಹುದು.

ಹೆಮಟೋಮಾ ಇದ್ದ ಜಾಗವನ್ನು ದ್ರವ ಹಾಯಿಸಿ ತೊಳೆಯುವುದನ್ನು ಬಿಡಬೇಡಿ. ಫಿನ್‌ಲೆಂಡಿನ ಫಿನಿಶ್ ಟ್ರಯಲ್‌ನಲ್ಲಿ ತೊಳೆಯದವರಿಗೆ ಮತ್ತೆ ಆಪರೇಷನ್ ಆದದ್ದು 18.3%, ತೊಳೆದವರಿಗೆ 12.6%. ಇನ್ನೊಂದು ಮಾತು, ದ್ರವದ ಬಿಸಿ. ಸ್ವೀಡನ್ನಿನ 2023ರ ಟ್ರಯಲ್‌ನಲ್ಲಿ ಕೋಣೆಯ ತಾಪದ ದ್ರವದಿಂದ ತೊಳೆದಾಗ ಮರುಕಳಿಸಿದ್ದು 14%, 37 ಡಿಗ್ರಿಗೆ ಬಿಸಿ ಮಾಡಿ ತೊಳೆದಾಗ 6%. ಎಸಿ ಥಿಯೇಟರ್‌ನಲ್ಲಿ ಸ್ಟ್ಯಾಂಡಿಗೆ ನೇತುಹಾಕಿದ ಬಾಟಲಿ ತಣ್ಣಗೇ ಇರುತ್ತದೆ. ಆಪರೇಷನ್‌ಗೆ ಮೊದಲೇ ವಾರ್ಮರ್‌ನಲ್ಲಿ ಇಡಲು ಸಿಸ್ಟರ್‌ಗೆ ಹೇಳಿ. ಇಷ್ಟು ಅಗ್ಗದ "ಅಡ್ವಾನ್ಸ್" ನ್ಯೂರೋಸರ್ಜರಿಯಲ್ಲಿ ಇನ್ನೊಂದು ಸಿಗುವುದು ಕಷ್ಟ.

ಡ್ರೈನ್ ತೂರಿಸುವಾಗ ಕೊಳವೆ ಮೂಳೆಗೆ ಸಮಾನಾಂತರವಾಗಿ, ಮುಂದಲೆಯ ಕಡೆಗೆ ಜಾರಬೇಕು. ಒಂಚೂರು ತಡೆ ಸಿಕ್ಕರೂ ನಿಲ್ಲಿಸಿ. ಗಟ್ಟಿ ಕೊಳವೆ ಒತ್ತಿ ತಳ್ಳಿದಾಗಲೇ ಕಾರ್ಟೆಕ್ಸ್‌ನೊಳಗೆ (ಮೆದುಳಿನ ಮೇಲ್ಪದರದೊಳಗೆ) ಹೋಗುವುದು. ಚರ್ಮದಡಿ ಕನಿಷ್ಠ 5 ಸೆಂ.ಮೀ. ದೂರ ಸುರಂಗ ಮಾಡಿ ಹೊರತೆಗೆದು ಹೊಲಿಗೆ ಹಾಕಿ. ಬ್ಯಾಗ್ ತಲೆಯ ಮಟ್ಟದಿಂದ ಕೆಳಗೆ, ಬರೀ ಗುರುತ್ವಾಕರ್ಷಣೆಯಿಂದ ಇಳಿಯಲಿ. ಕೈಗೆ ಸಿಕ್ಕಿತೆಂದು ನೆಗೆಟಿವ್ ಸಕ್ಷನ್ ಡಬ್ಬಿ ಕಟ್ಟಿ ಹಿಂಡಬೇಡಿ. ಹೊಲಿಯುವ ಮೊದಲು ಮುಂದಿನ ತೂತು ಎಲ್ಲಕ್ಕಿಂತ ಮೇಲೆ ಬರುವಂತೆ ತಲೆ ತಿರುಗಿಸಿ, ಅದರಿಂದ ಸಲೈನ್ ತುಳುಕುವವರೆಗೆ ತುಂಬಿಸಿ ಗಾಳಿ ಹೊರಹಾಕಿ. ಕೇಂಬ್ರಿಜ್‌ನಲ್ಲಿ ಡ್ರೈನ್ 48 ಗಂಟೆ ಇಟ್ಟಿದ್ದರು. ಮರುದಿನ ರೋಗಿ ಮಂಕಾದರೆ ಮರುಕಳಿಕೆ ಎಂದುಕೊಳ್ಳುವ ಮುಂಚೆ ಟೆನ್ಷನ್ ನ್ಯೂಮೋಸೆಫಲಸ್ (ಒಳಗೆ ಸಿಕ್ಕಿಕೊಂಡ ಗಾಳಿ ಮೆದುಳನ್ನು ಒತ್ತುವುದು), ಹೊರಗೆ ಕಾಣಿಸದ ಫಿಟ್ಸ್, ಸೋಡಿಯಂ ಈ ಮೂರನ್ನೂ ನೋಡಿ.

ಡೆಕ್ಸಾ ಯಾಕೆ ಬೇಡ? 2020ರ ಬ್ರಿಟನ್ನಿನ ಟ್ರಯಲ್‌ನಲ್ಲಿ ದಿನಕ್ಕೆರಡು ಸಲ 8 ಮಿ.ಗ್ರಾಂ.ನಿಂದ ಶುರುಮಾಡಿ ಎರಡು ವಾರದಲ್ಲಿ ಇಳಿಸುತ್ತ ಕೊಟ್ಟರು. ಮರು ಆಪರೇಷನ್ 7.1%ರಿಂದ 1.7%ಕ್ಕೆ ಇಳಿಯಿತು, ನಿಜ. ಆದರೆ ಆರು ತಿಂಗಳಿಗೆ ಚೆನ್ನಾಗಿದ್ದವರು ಡೆಕ್ಸಾ ಗುಂಪಿನಲ್ಲಿ 83.9%, ಪ್ಲಸೀಬೋ ಗುಂಪಿನಲ್ಲಿ 90.3%. ಸ್ಕ್ಯಾನ್ ಸುಧಾರಿಸಿ ಮನುಷ್ಯ ಸುಧಾರಿಸದಿದ್ದರೆ ಏನು ಬಂತು? ಅದರಲ್ಲೂ ಸಕ್ಕರೆ ಕಾಯಿಲೆಯವರು ತುಂಬಿರುವ ನಮ್ಮ ವಾರ್ಡ್‌ಗಳಲ್ಲಿ.

ಕ್ಲೋಪಿಡೋಗ್ರೆಲ್‌ನ ಪರಿಣಾಮ ಪೂರ್ತಿ ಹೋಗಲು 5ರಿಂದ 7 ದಿನ ಬೇಕು. ಬರೀ ತಲೆನೋವು ಇದ್ದವರಾದರೆ ಮಾತ್ರೆ ನಿಲ್ಲಿಸಿ, ಕಣ್ಣಿಟ್ಟು ಕಾಯಬಹುದಿತ್ತು. ನಿಮ್ಮ ರೋಗಿಯ ಕೈ ಸೋಲುತ್ತಿರುವುದರಿಂದ ಕಾಯುವುದು ಸರಿಯಲ್ಲ. ಪ್ಲೇಟ್‌ಲೆಟ್ ತಯಾರಿಟ್ಟುಕೊಂಡು, ಹೊರಪೊರೆಯನ್ನು ಕೆದಕದೆ ಮಾಡಿ. ರಕ್ತ ತೆಳುವಾಗಿಸುವ ಇನ್ನೊಂದು ಔಷಧ ವಾರ್ಫರಿನ್ ಆಗಿದ್ದರೆ ಲೆಕ್ಕ ಬೇರೆ: ವಿಟಮಿನ್ ಕೆ ಜೊತೆ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ (ರಕ್ತ ಹೆಪ್ಪುಗಟ್ಟಿಸುವ ಅಂಶಗಳು), ಸಿಗದಿದ್ದರೆ ಎಫ್‌ಎಫ್‌ಪಿ (ಶೈತ್ಯೀಕರಿಸಿದ ಪ್ಲಾಸ್ಮಾ) ಕೊಟ್ಟು ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ ಇಳಿಸಿಯೇ ಕೈ ಹಾಕಬೇಕು. ಕ್ಲೋಪಿಡೋಗ್ರೆಲ್ ಕೊಟ್ಟಿರುವುದು ಹೃದಯದ ಸ್ಟೆಂಟ್‌ಗಾಗಿಯಾದರೆ, ಅದನ್ನು ಯಾವಾಗ ಹಾಕಿದ್ದು ಎಂದು ಮನೆಯವರನ್ನು ಕೇಳಿ. ತೀರಾ ಇತ್ತೀಚಿನದಾದರೆ ಕಾರ್ಡಿಯಾಲಜಿಸ್ಟ್ ಜೊತೆ ಮಾತಾಡದೆ ಮಾತ್ರೆ ನಿಲ್ಲಿಸಬೇಡಿ.

ಬೆಂಗಳೂರಿಗೆ ಕಳಿಸಬೇಕಾದವರು ಇದ್ದಾರೆ. ಒಮ್ಮೆ ಆಪರೇಷನ್ ಆಗಿ ಮತ್ತೆ ತುಂಬಿಕೊಂಡವರು. ಹೃದಯಕ್ಕೆ ಲೋಹದ ವಾಲ್ವ್ ಹಾಕಿ, ರಕ್ತ ತೆಳುವಾಗಿಸುವ ಔಷಧ ಬೇಗ ಶುರುಮಾಡಲೇಬೇಕಾದವರು. ಲಿವರ್ ಕೆಟ್ಟು ಪ್ಲೇಟ್‌ಲೆಟ್ ಏರದವರು. ಇವರಿಗೆ ನಾನು ಎಂಬೊಲೈಸೇಷನ್ ಕೇಳುತ್ತೇನೆ. ಕಳಿಸುವ ಪತ್ರದಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಬರೆಯಿರಿ, ಅಲ್ಲಿ ಕಾಂಟ್ರಾಸ್ಟ್ ಕೊಡುತ್ತಾರೆ. ಅಲ್ಲಿ ಮಾಡುವವರು ಮೊದಲು ಆಂಜಿಯೋದಲ್ಲಿ ಎರಡು ಅಪಾಯ ಹುಡುಕುತ್ತಾರೆ: ಮಿಡಲ್ ಮೆನಿಂಜಿಯಲ್‌ನಿಂದ ಕಣ್ಣಿಗೆ ರಕ್ತ ಕೊಡುವ ಆಫ್ತಾಲ್ಮಿಕ್ ಆರ್ಟರಿಗೆ ಸಂಪರ್ಕ ಇದೆಯೇ ಎಂಬುದು ಒಂದು, ಇದ್ದರೆ ಕಣ್ಣು ಹೋಗಬಹುದು, ಇನ್ನೊಂದು ಫೇಶಿಯಲ್ ನರಕ್ಕೆ ರಕ್ತ ಕೊಡುವ ಪೆಟ್ರೋಸಲ್ ಶಾಖೆ, ಅದು ಮುಚ್ಚಿದರೆ ಮುಖ ಸೊಟ್ಟಗಾಗುತ್ತದೆ. ಹಾಗಾಗಿಯೇ ಮೈಕ್ರೋಕ್ಯಾಥೆಟರ್ ಅನ್ನು ಫೊರಾಮೆನ್ ಸ್ಪೈನೋಸಂ (ಈ ನಾಳ ತಲೆಬುರುಡೆಯೊಳಗೆ ಬರುವ ರಂಧ್ರ) ದಾಟಿಸಿ, ಸಾಕಷ್ಟು ಮುಂದೆ ಒಯ್ದು ಹಾಕುವುದು.

ಕೊನೆಗೆ ಸಿಟಿ ಓದುವ ವಿಷಯ. ಸುಮಾರು ಒಂದರಿಂದ ಮೂರು ವಾರದ ನಡುವೆ ಹೆಮಟೋಮಾ ಮೆದುಳಿನ ಬಣ್ಣಕ್ಕೇ ಬಂದುಬಿಡುತ್ತದೆ. ಎರಡೂ ಕಡೆ ಇದ್ದರೆ ಮಿಡ್‌ಲೈನೂ ಸರಿಯುವುದಿಲ್ಲ. 75ರ ಅಜ್ಜನ ಸಿಟಿಯಲ್ಲಿ ಮೆದುಳಿನ ಮೇಲಿನ ಸಲ್ಕಸ್ಸುಗಳೇ (ಗೀರುಗಳೇ) ಕಾಣದೆ ಮೆದುಳು ಹರೆಯದವರದ್ದರಂತೆ ತುಂಬಿಕೊಂಡಿದ್ದರೆ ಅನುಮಾನಪಡಿ. ಲಕ್ವ ಎಂದು ಆಸ್ಪಿರಿನ್ ಬೀಳುವುದು ಇಂಥವರಿಗೇ. ಇನ್ನು 30, 35ರವರಲ್ಲಿ ಪೆಟ್ಟೇ ಇಲ್ಲದೆ ಎರಡೂ ಕಡೆ ಸಬ್‌ಡ್ಯೂರಲ್ ಕಂಡರೆ ಡ್ರಿಲ್ ಎತ್ತುವ ಮುನ್ನ ಎರಡು ಪ್ರಶ್ನೆ ಕೇಳಿ: ಬೆನ್ನಿಗೆ ಸ್ಪೈನಲ್ ಕೊಟ್ಟಿದ್ದರಾ, ಕೂತರೆ ಏರುವ ತಲೆನೋವು ಮಲಗಿದರೆ ಇಳಿಯುತ್ತದಾ? ಹೌದು ಎಂದರೆ ಅದು ಸಿಎಸ್‌ಎಫ್ (ಮೆದುಳು, ಬೆನ್ನುಹುರಿಯ ಸುತ್ತಲಿನ ದ್ರವ) ಸೋರಿಕೆ ಇರಬಹುದು. ಅಲ್ಲಿ ಮೊದಲು ಮುಚ್ಚಬೇಕಾದ್ದು ಬೆನ್ನಿನ ತೂತು, ಎಪಿಡ್ಯೂರಲ್ ಬ್ಲಡ್ ಪ್ಯಾಚ್‌ನಿಂದ (ರೋಗಿಯದೇ ರಕ್ತವನ್ನು ಬೆನ್ನಿಗೆ ಚುಚ್ಚಿ ಮುಚ್ಚುವುದು); ಅದು ಬಿಟ್ಟು ತಲೆಯಿಂದ ದ್ರವ ತೆಗೆದರೆ ಮೆದುಳು ಇನ್ನೂ ಕೆಳಗೆ ಜಗ್ಗುತ್ತದೆ.