ಲಿಗ್ನಿನ್ ಕೊಂಡಿಗಳನ್ನು ಕಿಣ್ವ ಕೂಡಿಸುವುದಿಲ್ಲ

ಸೆಲ್ಯುಲೋಸ್‌ನಂತೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನೂ ಕಿಣ್ವವೇ ಒಂದೊಂದು ಕೊಂಡಿಯಾಗಿ ಪೋಣಿಸುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಲಿಗ್ನಿನ್ ವಿಷಯದಲ್ಲಿ ನನಗೆ ಬಹಳ ಇಷ್ಟವಾಗುವುದೇ ಇದು.

ಕಟ್ಟುನಿಟ್ಟೆಲ್ಲ ಜೀವಕೋಶದ ಒಳಗೆ ಮಾತ್ರ. ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ ಒಂದು ಕಿಣ್ವ ಅಮೋನಿಯ ತೆಗೆದು ಸಿನ್ನಮಿಕ್ ಆಮ್ಲ ಮಾಡುತ್ತದೆ. ಮುಂದೆ ಇನ್ನಷ್ಟು ಕಿಣ್ವಗಳ ಕೆಲಸ. ಅವುಗಳ ಹೆಸರು ಸುಮ್ನೆ ಬಾಯಿಪಾಠ ಮಾಡಬೇಡಿ. ಕೊನೆಗೆ ಸಿಗುವುದು ಲಿಗ್ನಿನ್ ಕಟ್ಟುವ ಬಿಡಿ ಅಣುಗಳು, ಅಂದರೆ ಮುಖ್ಯವಾಗಿ ಮೂರು ಮಾನೋಲಿಗ್ನಾಲ್‌ಗಳು: ಪ್ಯಾರಾ-ಕೌಮರೈಲ್, ಕೋನಿಫೆರೈಲ್, ಸಿನಾಪೈಲ್ ಆಲ್ಕೋಹಾಲ್. ಪ್ರತಿಯೊಂದರಲ್ಲೂ ಆರು ಇಂಗಾಲಗಳ ಉಂಗುರ, ಅದಕ್ಕೆ ಮೂರು ಇಂಗಾಲಗಳ ಬಾಲ. ಉಂಗುರದ ಮೇಲೆ ಮೆಥಾಕ್ಸಿ ಗುಂಪು (OCH3) ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು. ವ್ಯತ್ಯಾಸ ಅಷ್ಟೇ.

ಇವು ಕೋಶಭಿತ್ತಿಗೆ ಬಂದಮೇಲೆ ಆಟ ಬದಲಾಗುತ್ತದೆ. ಅಲ್ಲಿ ಲ್ಯಾಕೇಸ್ ಎಂಬ ಕಿಣ್ವ ಆಮ್ಲಜನಕ ಬಳಸಿ, ಪೆರಾಕ್ಸಿಡೇಸ್ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ, ಫೀನಾಲ್ ಗುಂಪಿನಿಂದ (ಉಂಗುರಕ್ಕೆ ಅಂಟಿದ OH) ಒಂದು ಎಲೆಕ್ಟ್ರಾನ್ ಮತ್ತು ಒಂದು ಪ್ರೋಟಾನ್ ಕಿತ್ತುಕೊಳ್ಳುತ್ತವೆ. ಫೀನಾಕ್ಸಿ ರ‍್ಯಾಡಿಕಲ್ ಹುಟ್ಟುತ್ತದೆ, ಅಂದರೆ ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ, ತಟ್ಟನೆ ಕೂಡಿಕೊಳ್ಳುವ ಅಣು. ಕಿಣ್ವದ ಪಾಲು ಇಲ್ಲಿಗೆ ಮುಗಿಯಿತು. ಒಂಟಿ ಎಲೆಕ್ಟ್ರಾನ್ ಒಂದೇ ಕಡೆ ನಿಲ್ಲುವುದಿಲ್ಲ: ಆಮ್ಲಜನಕ, ಉಂಗುರದ 5ನೇ ಇಂಗಾಲ, ಬಾಲದ ಬೀಟಾ ಇಂಗಾಲ (ಉಂಗುರದಿಂದ ಎರಡನೆಯದು), ಹೀಗೆ ಹಲವು ಕಡೆ ಹರಡಿರುತ್ತದೆ. ಬೆಳೆಯುತ್ತಿರುವ ಸರಪಳಿಯ ತುದಿಯಲ್ಲೂ ಇಂಥದೇ ರ‍್ಯಾಡಿಕಲ್. ಎರಡೂ ಎದುರಾದರೆ ತಾವೇ ಕೂಡಿಕೊಳ್ಳುತ್ತವೆ.

ಹೊಸದಾಗಿ ಬಂದ ಮಾನೋಲಿಗ್ನಾಲ್‌ನ ಬೀಟಾ ಇಂಗಾಲ ಸರಪಳಿಯ ಫೀನಾಲ್ ಆಮ್ಲಜನಕಕ್ಕೆ ಅಂಟಿದರೆ ಅದು ಬೀಟಾ-ಓ-4 ಕೊಂಡಿ. ಲಿಗ್ನಿನ್‌ನಲ್ಲಿ ಇದೇ ಜಾಸ್ತಿ. ಕೂಡಿದ ಕೂಡಲೇ ಕ್ವಿನೋನ್ ಮೆಥೈಡ್ ಎಂಬ ಅಸ್ಥಿರ ರೂಪ ಬರುತ್ತದೆ. ಅದರ ಆಲ್ಫಾ ಇಂಗಾಲಕ್ಕೆ (ಬಾಲದಲ್ಲಿ ಉಂಗುರಕ್ಕೆ ಅಂಟಿದ್ದು) ನೀರು ಸೇರಿದರೆ ಉಂಗುರ ಸರಿಹೋಗಿ ಫೀನಾಲ್ ಮರಳುತ್ತದೆ, ಮುಂದಿನ ಸುತ್ತಿಗೆ ತಯಾರು. ನೀರಿನ ಬದಲು ಪಕ್ಕದ ಹೆಮಿಸೆಲ್ಯುಲೋಸ್ (ಭಿತ್ತಿಯ ಇನ್ನೊಂದು ಸಕ್ಕರೆ ಸರಪಳಿ) ಸಿಕ್ಕರೆ ಅದಕ್ಕೇ ಅಂಟಿಕೊಳ್ಳುವುದೂ ಉಂಟು.

ಕಿಣ್ವ ಕೂಡಿಸಿಲ್ಲ ಅನ್ನಲು ಪುರಾವೆ? ಲಿಗ್ನಿನ್ ತುಂಬ ಕೈರಲ್ (ಎಡ, ಬಲ ಎಂಬ ಎರಡು ಕನ್ನಡಿ ರೂಪ ಸಾಧ್ಯವಿರುವ) ಇಂಗಾಲಗಳಿವೆ, ಆದರೂ ಅದು ಧ್ರುವೀಕೃತ ಬೆಳಕನ್ನು ತಿರುಗಿಸುವುದಿಲ್ಲ. ಎಡ, ಬಲ ರೂಪಗಳು ಸಮಸಮ. ಕಿಣ್ವ ಹಿಡಿದು ಜೋಡಿಸಿದ್ದರೆ ಒಂದೇ ಕೈಯದು ಬರಬೇಕಿತ್ತು, ಅಲ್ವಾ? ಡಿರಿಜೆಂಟ್ ಪ್ರೋಟೀನ್‌ಗಳು ಪ್ರತಿ ಕೊಂಡಿಯನ್ನೂ ನಿರ್ದೇಶಿಸುತ್ತವೆ ಅನ್ನುವ ವಾದವೂ ಇದೆ. ಈ ಕಾರಣಕ್ಕೇ ನನಗದು ಒಪ್ಪಿಗೆಯಾಗಿಲ್ಲ.

ಹಾಗಂತ ಗಿಡಕ್ಕೆ ಹಿಡಿತವೇ ಇಲ್ಲ ಅಂತಲ್ಲ. ಯಾವ ಮಾನೋಲಿಗ್ನಾಲ್, ಎಷ್ಟು ವೇಗದಲ್ಲಿ, ಭಿತ್ತಿಯ ಯಾವ ಜಾಗಕ್ಕೆ ಎಂಬುದು ಅದರ ಕೈಯಲ್ಲೇ ಇದೆ. ಸಿನಾಪೈಲ್‌ನಲ್ಲಿ 5ನೇ ಜಾಗವನ್ನು ಮೆಥಾಕ್ಸಿ ಮುಚ್ಚಿರುತ್ತದೆ, ಅಲ್ಲಿ ಗಟ್ಟಿಯಾದ ಇಂಗಾಲ-ಇಂಗಾಲ ಕೊಂಡಿ ಬೀಳುವುದಿಲ್ಲ. ನೀಲಗಿರಿ ಮರದ ಲಿಗ್ನಿನ್‌ನಲ್ಲಿ ಸಿನಾಪೈಲ್ ಜಾಸ್ತಿ. ಪೈನ್ ಲಿಗ್ನಿನ್ ಮಾತ್ರ ಬಹುಪಾಲು 5ನೇ ಜಾಗ ತೆರೆದಿರುವ ಕೋನಿಫೆರೈಲ್‌ನದು. ಹಾಗಾಗಿ ಕಾಗದದ ಗಿರಣಿಯಲ್ಲಿ ಪೈನ್‌ನಿಂದ ಲಿಗ್ನಿನ್ ಬಿಡಿಸುವುದು ನೀಲಗಿರಿಗಿಂತ ಕಷ್ಟ.