ಮಳೆ ರಜೆ, ಒಂದೇ ಟಿವಿ, ಇಬ್ಬರು ಮಕ್ಕಳು

ಮಡಿಕೇರಿಯಲ್ಲಿ ಮಳೆ ಹಿಡಿಯಿತು ಅಂದರೆ ನನಗೆ ಬರುವ ಪತ್ರಗಳ ವಿಷಯವೂ ಬದಲಾಗುತ್ತದೆ. ಮೇ ತಿಂಗಳವರೆಗೆ ಪರೀಕ್ಷೆ, ಫಲಿತಾಂಶ. ಜುಲೈ ಬಂದರೆ ಟಿವಿ. ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಅದರಂಥ ಪತ್ರಗಳೇ ಜಾಸ್ತಿ ಬಂದಿದ್ದವು.

ಪ್ರಶ್ನೆ: ಮೇಡಂ, ನಮ್ಮದು ನಾಪೋಕ್ಲು ಕಡೆ ತೋಟದ ಮನೆ. ಮಗನಿಗೆ 6 ವರ್ಷ, ಮಗಳಿಗೆ 11. ಇರುವುದು ಒಂದೇ ಟಿವಿ. ಮಳೆಗೆ ಶಾಲೆಗೆ ರಜೆ ಕೊಟ್ಟರೆ ಬೆಳಿಗ್ಗೆಯಿಂದಲೇ ಕಾರ್ಟೂನ್. ಮಗ ಶಿನ್‌ಚಾನ್ ನೋಡಿ ಅವನ ಹಾಗೇ ರಾಗ ಎಳೆದು ಮಾತಾಡುತ್ತಾನೆ. ಮೊನ್ನೆ ನೆಂಟರ ಮುಂದೆ, ಅಜ್ಜಯ್ಯನ ಕಾಲಿಗೆ ಬೀಳು ಅಂದರೆ ಹಿಂದೆ ತಿರುಗಿ ಕುಂಡಿ ಕುಣಿಸಿದ. ಅಜ್ಜಯ್ಯ ಎರಡು ದಿನ ಮಾತು ಬಿಟ್ಟರು, ಅವನ ಹತ್ತಿರ ಅಲ್ಲ, ನನ್ನ ಹತ್ತಿರ! ಮಗಳದ್ದೇನೂ ತೊಂದರೆ ಇಲ್ಲ. ಕಾರ್ಟೂನ್ ಚಿಕ್ಕ ಮಕ್ಕಳದ್ದು ಅಂತ ಅಜ್ಜಿ ಜೊತೆ ಸಂಜೆ ಧಾರಾವಾಹಿಗೆ ಕೂರುತ್ತಾಳೆ ಅಷ್ಟೆ. ಮಗನಿಗೆ ಕಾರ್ಟೂನ್ ಪೂರ್ತಿ ಬಂದ್ ಮಾಡಿಬಿಡಲೇ?

ಉತ್ತರ: ಕ್ಷಮಿಸಿ, ಪತ್ರ ಓದಿ ನಾನು ನಕ್ಕುಬಿಟ್ಟೆ. ಅಂದು ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ನಕ್ಕಿರುತ್ತಾರೆ. ಯಾವುದೋ ಚಿಕ್ಕಪ್ಪ, ಇಲ್ಲ ಪಕ್ಕದ ಮನೆಯ ಹುಡುಗ. 6 ವರ್ಷದವನಿಗೆ ಅಷ್ಟು ಸಾಕು. ಮುಂದಿನ ಸಲ ಮಾಡಿದಾಗ ಯಾರೂ ನಗಬೇಡಿ, ಕೂಗಾಡಲೂ ಬೇಡಿ. ಕೈ ಹಿಡಿದು ಆಚೆ ಕರೆದುಕೊಂಡು ಹೋಗಿ, "ಅಜ್ಜಯ್ಯನ ಹತ್ತಿರ ಹಾಗೆ ಮಾಡಬಾರದು" ಅಂದು ವಾಪಸ್ ಕರೆತಂದು ಕಾಲಿಗೆ ಬೀಳಿಸಿ. ಆಮೇಲೆ ಆ ಕಥೆಯನ್ನು ಫೋನಿನಲ್ಲಿ ಅಕ್ಕ ತಂಗಿಯರಿಗೆ ಹೇಳುವಾಗ ಅವನು ಪಕ್ಕದಲ್ಲಿ ಇರಬಾರದು. ಕೆಡುವುದು ಅಲ್ಲೇ.

ಇನ್ನು ಶಿನ್‌ಚಾನ್ ವಿಷಯ. ಅದು ಮಕ್ಕಳಿಗೆ ಅಂತ ಹುಟ್ಟಿದ್ದೇ ಅಲ್ಲ. 1990ರಲ್ಲಿ ಜಪಾನಿನಲ್ಲಿ ದೊಡ್ಡವರು ಓದುವ ಪತ್ರಿಕೆಯೊಂದರಲ್ಲಿ ಚಿತ್ರಕಥೆಯಾಗಿ ಶುರುವಾಗಿದ್ದು ಅದು. ದೊಡ್ಡವರು ಮುಚ್ಚಿಡುವುದನ್ನೆಲ್ಲ 5 ವರ್ಷದ ಹುಡುಗನ ಬಾಯಲ್ಲಿ ಹೇಳಿಸುವುದೇ ಅದರ ತಮಾಷೆ. ಆಫೀಸಿನಿಂದ ಸುಸ್ತಾಗಿ ಬರುವ ಅಪ್ಪ, ದುಡ್ಡಿನ ಲೆಕ್ಕ ಹಾಕಿ ಹಾಕಿ ಸಿಡುಕುವ ಅಮ್ಮ, ಇವರನ್ನು ನೋಡಿ ನಗು ಬರಬೇಕಾದದ್ದು ನಿಮಗೆ. ನಿಮ್ಮ ಮಗನಿಗೆ ಅದೆಲ್ಲ ತಾಗುವುದಿಲ್ಲ. ಅವನಿಗೆ ಕಾಣುವುದು ಕುಂಡಿ ಒಂದೇ. ನಮ್ಮ ದೇಶದಲ್ಲೂ 2008ರಲ್ಲಿ ಅದರ ಪ್ರಸಾರ ನಿಂತು, ಮುಂದಿನ ವರ್ಷ ಕತ್ತರಿ ಹಾಕಿಸಿಕೊಂಡು ಮತ್ತೆ ಬಂತು. ಟಾಮ್ ಅಂಡ್ ಜೆರ್ರಿಯದ್ದೂ ಸ್ವಲ್ಪ ಇದೇ ಕಥೆ. 1940ರಲ್ಲಿ ಶುರುವಾದಾಗ ಅದನ್ನು ಮಾಡಿದ್ದು ಟಾಕೀಸಿಗೆ ಬಂದ ಎಲ್ಲರಿಗಾಗಿ. ಆಗ ಮನೆಗಳಲ್ಲಿ ಟಿವಿಯಾದರೂ ಎಲ್ಲಿತ್ತು? ಚಿತ್ರ ಬರೆದು ಮಾಡಿದ್ದೆಲ್ಲ ಮಕ್ಕಳದ್ದು ಅನ್ನುವುದು ನಾವು ಮಾಡಿಕೊಂಡ ಲೆಕ್ಕ.

ಹಾಗಂತ ಪೂರ್ತಿ ಬಂದ್ ಮಾಡುವುದು ಬೇಡ. ಒಂದು ಕೆಲಸ ಮಾಡಿ. ಗಡಿಯಾರ ಇಟ್ಟುಕೊಂಡು ಒಂದು ನಿಮಿಷ ಅವನ ಪಕ್ಕ ಕೂತು, ಜಾಗ ಎಷ್ಟು ಸಲ ಪೂರ್ತಿ ಬದಲಾಯಿತು ಅಂತ ಎಣಿಸಿ. ಮನೆಯಿಂದ ರಸ್ತೆ, ರಸ್ತೆಯಿಂದ ಆಕಾಶ, ಹೀಗೆ. 2011ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 4 ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು 9 ನಿಮಿಷ ವೇಗವಾಗಿ ಓಡುವ ಕಾರ್ಟೂನ್ ನೋಡಿತು. ಅದರಲ್ಲಿ ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲು. ಇನ್ನೊಂದು ಗುಂಪು ನಿಧಾನದ್ದು ನೋಡಿತು. ಮೂರನೆಯದು ಕೂತು ಚಿತ್ರ ಬರೆಯಿತು. ಆಮೇಲೆ ತಾಳ್ಮೆ, ಗಮನ ಬೇಕಾದ ಆಟ ಕೊಟ್ಟರೆ ಹಿಂದೆ ಬಿದ್ದದ್ದು ಮೊದಲನೇ ಗುಂಪು. ನೋಡಿದ್ದು ಕೆಲವೇ ಮಕ್ಕಳನ್ನು, ಅಳೆದದ್ದೂ ನೋಡಿ ಎದ್ದ ತಕ್ಷಣ. ಆದ್ದರಿಂದ ಕಾರ್ಟೂನ್ ನೋಡಿದರೆ ಬುದ್ಧಿ ಕೆಡುತ್ತದೆ ಅಂತ ಇದರಿಂದ ಹೇಳುವ ಹಾಗಿಲ್ಲ. ಆದರೆ ಟಿವಿ ಆರಿಸಿದ ಕೂಡಲೇ ಹೋಂವರ್ಕಿಗೆ ಕೂರಿಸಿದರೆ ಜಗಳ ಯಾಕೆ ಅಂತ ಇದರಿಂದ ಸ್ವಲ್ಪ ಗೊತ್ತಾಗುತ್ತದೆ, ಅಲ್ವಾ? ಮೊದಲು ಹೋಂವರ್ಕ್, ಆಮೇಲೆ ಟಿವಿ. ಟಿವಿ ಆದಮೇಲೆ ಅರ್ಧ ಗಂಟೆ ಏನೂ ಹೇಳಬೇಡಿ.

ಎಷ್ಟು ಹೊತ್ತು ಅಂತ ನೀವು ಕೇಳಿಲ್ಲ, ಉಳಿದವರೆಲ್ಲ ಕೇಳಿದ್ದಾರೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದ್ದು ಇಷ್ಟು: 2 ವರ್ಷದೊಳಗೆ ಬೇಡವೇ ಬೇಡ, 2ರಿಂದ 5ರವರೆಗೆ ದಿನಕ್ಕೆ 1 ಗಂಟೆ ಮೀರಬಾರದು, 5ರಿಂದ 10ರವರೆಗೆ 2 ಗಂಟೆಗಿಂತ ಕಡಿಮೆ. ಫೋನು, ಟಿವಿ ಎಲ್ಲ ಸೇರಿ ಈ ಲೆಕ್ಕ. ಮಳೆ ರಜೆಯಲ್ಲಿ ಒಂದು ದಿನ ಅರ್ಧ ಗಂಟೆ ಜಾಸ್ತಿಯಾದರೆ ಆಕಾಶ ಬೀಳುವುದಿಲ್ಲ. ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗುತ್ತದೆ, ಹಿಂದೆಯೇ ಕರೆಂಟೂ ಹೋಗುತ್ತದೆ. ನಮ್ಮ ಕೊಡಗಿನಲ್ಲಿ ಅರ್ಧ ಕೆಲಸ ಅವೇ ಮಾಡಿಕೊಡುತ್ತವೆ.

ಈಗ ಮಗಳ ವಿಷಯ. ನೀವು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಜಾಸ್ತಿ ಯೋಚನೆ ಆಗಿದ್ದು ಅವಳದ್ದೇ.

ಹೋದ ವರ್ಷ ಪರಿಚಯದವರ ಮನೆಗೆ ಹೋಗಿದ್ದೆ. ಧಾರಾವಾಹಿ ಓಡುತ್ತಿತ್ತು. ಅಡುಗೆಮನೆಯಲ್ಲಿ ಓರಗಿತ್ತಿ ಒಬ್ಬಳು ಹಾಲಿನ ಲೋಟಕ್ಕೆ ಏನೋ ಬೆರೆಸುತ್ತಿದ್ದಾಳೆ, ಹಿಂದೆ ಢಂ ಢಂ ಅಂತ ಸಂಗೀತ. ಆ ಮನೆಯ ಹುಡುಗಿ, ಅವಳಿಗೂ 11 ಇರಬಹುದು, ಕೆಳಗೆ ಕೂತು ಭೂಪಟಕ್ಕೆ ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ಈಗ ಅತ್ತೆ ಬಾಗಿಲ ಹತ್ತಿರ ನಿಂತು ನೋಡ್ತಾರೆ, ಆದರೆ ಯಾರಿಗೂ ಹೇಳಲ್ಲ" ಅಂದಳು. ಹಾಗೇ ಆಯಿತು! ಅವಳು ಟಿವಿ ನೋಡುತ್ತಿಲ್ಲ ಅಂತ ಮನೆಯವರೆಲ್ಲ ನಂಬಿದ್ದರು.

9ರಿಂದ 12ರ ವಯಸ್ಸಿನವರು ಟಿವಿಯಿಂದ ಕುಣಿತ ಕಲಿಯುವುದಿಲ್ಲ. ಜನ ಜನರ ಜೊತೆ ಹೇಗೆ ಇರುತ್ತಾರೆ ಅನ್ನುವುದನ್ನು ಎತ್ತಿಕೊಳ್ಳುತ್ತಾರೆ. ಮಾತು ಬಿಡುವುದು, ಒಬ್ಬಳನ್ನು ಗುಂಪಿನಿಂದ ದೂರ ಇಡುವುದು, ಕದ್ದು ಕೇಳಿಸಿಕೊಳ್ಳುವುದು. ಧಾರಾವಾಹಿಯಲ್ಲಿ ಇದು ದಿನಾ ಅರ್ಧ ಗಂಟೆ, ವರ್ಷಗಟ್ಟಲೆ. ಅದರಲ್ಲೂ ಒಂದು ಮಾತು ನೇರವಾಗಿ ಕೇಳಿದ್ದರೆ ಮುಗಿಯುತ್ತಿದ್ದ ಗೊಂದಲವನ್ನು ಎರಡು ತಿಂಗಳು ಎಳೆಯುತ್ತಾರೆ. ಈ ವಯಸ್ಸಿನವರಿಗೆ ಅಂತಲೇ ಮಾಡಿದ, ಬೇರೆ ಭಾಷೆಯಿಂದ ಬರುವ ಶಾಲೆ-ಗೆಳೆಯರ ಹಾಸ್ಯ ಕಾರ್ಯಕ್ರಮಗಳೂ ಇವೆ. ಅವುಗಳದ್ದು ಇನ್ನೊಂದು ಗುಣ. ಅಪ್ಪ ಅಮ್ಮ ಪೆದ್ದರು, ಮಗಳು ಚುಚ್ಚಿ ಮಾತಾಡುತ್ತಾಳೆ, ಹಿಂದಿನಿಂದ ರೆಕಾರ್ಡ್ ಮಾಡಿದ ನಗು ಬರುತ್ತದೆ. ಎಲ್ಲಿ ನಗಬೇಕು ಅಂತ ಆ ನಗುವೇ ಹೇಳಿಕೊಡುತ್ತದೆ. ಒಂದು ಸಲ ಧ್ವನಿ ಆರಿಸಿ ನೋಡಿ. ಅದೇ ಮುಖ, ಅದೇ ದೃಶ್ಯ, ನಗು ಬರುವುದಿಲ್ಲ. ಮಗಳ ಜೊತೆ ಇದನ್ನು ಆಟದ ಹಾಗೆ ಮಾಡಿ. ಈ ವಯಸ್ಸಿನವರಿಗೆ ಕಣ್ಕಟ್ಟು ಬಯಲು ಮಾಡುವುದು ಅಂದರೆ ಭಾರೀ ಖುಷಿ.

ಅಜ್ಜಿಯ ಧಾರಾವಾಹಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ನೀವು ನಿಲ್ಲಿಸಲಾರಿರಿ! ಮಗಳು ಜೊತೆಗಿದ್ದ ದಿನ ನೀವೂ ಹತ್ತು ನಿಮಿಷ ಕೂತು, "ಇವಳು ಹೋಗಿ ನೇರವಾಗಿ ಕೇಳಬಾರದಿತ್ತಾ?" ಅಂತ ಸುಮ್ನೆ ಒಂದು ಮಾತು ಹಾಕಿ. ಉತ್ತರ ಅವಳೇ ಹೇಳುತ್ತಾಳೆ. ಅಜ್ಜಿಯೂ ಹೇಳುತ್ತಾರೆ, ನೋಡಿ ಬೇಕಾದರೆ.

ಇಬ್ಬರೂ ಒಟ್ಟಿಗೆ ನೋಡುವಂಥದ್ದು ಏನಿದೆ ಅಂದರೆ ನಾನು ಮೊದಲು ಹೇಳುವುದು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್'. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದದ್ದು. ಸ್ವಾಮಿ ಅನ್ನುವ ಹುಡುಗನ ಕಂತುಗಳು ಸಾಕು. ಪರೀಕ್ಷೆ ಭಯ, ಗೆಳೆಯರ ಮುನಿಸು, ಅಜ್ಜಿಯ ಸಲಿಗೆ ಎಲ್ಲ ಇದೆ. ನಿಧಾನ ಇದೆ, ಮೊದಲ ದಿನ ಮಗ ಎದ್ದು ಹೋಗಬಹುದು. ಹೋಗಲಿ ಬಿಡಿ.

ಒಟಿಟಿ ಇದ್ದರೆ ಮೂಲೆಯಲ್ಲಿ ಬರುವ ಗುರುತು ನೋಡಿ. 2021ರ ನಿಯಮದ ಪ್ರಕಾರ ಯು, ಯುಎ 7+, ಯುಎ 13+, ಯುಎ 16+, ಎ ಅಂತ ವಯಸ್ಸಿನ ಗುರುತು ಹಾಕಲೇಬೇಕು, 13+ ಮತ್ತು ಮೇಲಿನದಕ್ಕೆ ಲಾಕ್ ಹಾಕುವ ಸೌಲಭ್ಯವೂ ಇರಬೇಕು. ಡಿಶ್‌ನಲ್ಲಿ ಬರುವ ಧಾರಾವಾಹಿಗೆ ಹೀಗೆ ವಯಸ್ಸಿನ ಗುರುತು ಇರುವುದಿಲ್ಲ. ಅಲ್ಲಿ ನೀವೇ ನೋಡಿಕೊಳ್ಳಬೇಕು.

ಪ್ರಶ್ನೆ: ಮಡಿಕೇರಿ ಹತ್ತಿರದ ಹಳ್ಳಿಯವನು ನಾನು. ಮಗಳಿಗೆ 7. ಮಳೆ ಜೋರಾದರೆ ನಮ್ಮ ಮನೆಯಲ್ಲಿ ನ್ಯೂಸ್ ಚಾನೆಲ್ ಆರಿಸುವುದೇ ಇಲ್ಲ. ಎಲ್ಲೆಲ್ಲಿ ಏನಾಯಿತು ಅಂತ ಗೊತ್ತಾಗಬೇಕಲ್ಲ. ಮಗಳು ರಾತ್ರಿ ಎದ್ದು, ನಮ್ಮ ಬೆಟ್ಟವೂ ಬೀಳುತ್ತಾ ಅಂತ ಕೇಳುತ್ತಾಳೆ. 2018ರಲ್ಲಿ ಇಲ್ಲಿ ಗುಡ್ಡ ಕುಸಿದಾಗ ಅವಳು ಹುಟ್ಟಿಯೂ ಇರಲಿಲ್ಲ.

ಉತ್ತರ: ಅವಳು ನೋಡುತ್ತಿರುವುದು 2018ರದ್ದೇ. ಪ್ರತಿ ಮಳೆಗಾಲದಲ್ಲೂ ಆ ಆಗಸ್ಟ್‌ನ ದೃಶ್ಯಗಳನ್ನು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗಿನ ದೃಶ್ಯಗಳನ್ನು ಮತ್ತೆ ಹಾಕುತ್ತಾರೆ. 'ಹಳೆಯದು' ಅನ್ನುವ ಅಕ್ಷರ ಮೂಲೆಯಲ್ಲಿ ಸಣ್ಣದಾಗಿ ಇದ್ದರೆ ಇತ್ತು. ದೊಡ್ಡವರಿಗೆ ಅದು ಒಂದೇ ಮನೆ, ಒಂದೇ ಸಲ ಜಾರಿದ್ದು. ಚಿಕ್ಕವರಿಗೆ ಹತ್ತು ಸಲ ತೋರಿಸಿದರೆ ಹತ್ತು ಮನೆ ಬಿತ್ತು. ಬೇರೆ ಊರಿನ ಮಕ್ಕಳಿಗೆ ಇದು ಎಲ್ಲೋ ನಡೆದ ಸುದ್ದಿ. ನಿಮ್ಮ ಮಗಳಿಗೆ ಕಿಟಕಿ ತೆರೆದರೆ ಅಂಥದ್ದೇ ಬೆಟ್ಟ ಕಾಣುತ್ತದೆ.

ಅವಳು ಎದ್ದಿರುವಾಗ ನ್ಯೂಸ್ ಚಾನೆಲ್ ಬೇಡ. ಮಳೆ ಮಾಹಿತಿ ರೇಡಿಯೋದಲ್ಲಿ ಕೇಳಿ, ಫೋನಿನಲ್ಲಿ ಓದಿ. ಚಿತ್ರ ಇಲ್ಲದ ಸುದ್ದಿ ಅಷ್ಟು ಕಾಡುವುದಿಲ್ಲ.

ಇನ್ನು, "ಏನೂ ಆಗಲ್ಲ, ಮಲಗು" ಅನ್ನಬೇಡಿ. ಆಗಿದ್ದನ್ನು ಅವಳು ಕಣ್ಣಾರೆ ನೋಡಿದ್ದಾಳೆ, ನಿಮ್ಮ ಮಾತು ನಂಬುವುದಿಲ್ಲ. ಅದರ ಬದಲು ಮಾಡುವುದೇನು ಅಂತ ಹೇಳಿ. "ಅಪಾಯ ಇದ್ದರೆ ಮೊದಲೇ ಹೇಳ್ತಾರೆ. ಆಗ ನಾವು ಅತ್ತೆ ಮನೆಗೆ ಹೋಗ್ತೀವಿ. ಬ್ಯಾಗು ಇಲ್ಲೇ ಇದೆ, ಟಾರ್ಚು ಇಲ್ಲಿದೆ." ಬ್ಯಾಗಿಗೆ ಏನು ಹಾಕಬೇಕು ಅಂತ ಅವಳನ್ನೇ ಕೇಳಿ. ಹೀಗೆ ಕೇಳಿದಾಗ ಒಬ್ಬ ಪುಟ್ಟ ಹುಡುಗಿ ಮೊದಲು ಇಟ್ಟಿದ್ದು ನಾಯಿಯ ಚೈನು. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಊಟ ಬಿಟ್ಟರೆ, ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಗೋಣಿಕೊಪ್ಪಲಿನಿಂದ. 5 ವರ್ಷದ ಮಗ ಹಿಂದಿ ಕಾರ್ಟೂನ್ ನೋಡಿ 'ಪಾನಿ ದೋ' ಅನ್ನುತ್ತಾನೆ. ಕೊಡವರ ಭಾಷೆ ಕೊಡವ ತಕ್ಕ್‌ನಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ.

ಉತ್ತರ: ಒಂದು ಹೆಚ್ಚಿನ ಭಾಷೆ ಬಂದರೆ ನಷ್ಟ ಇಲ್ಲ. ಕನ್ನಡ ಬೇಕಿದ್ದರೆ 2009ರಿಂದ ಚಿಂಟು ಟಿವಿ ಇದೆ. ಕೆಲವು ಬೇರೆ ಚಾನೆಲ್‌ಗಳಲ್ಲೂ ರಿಮೋಟಿನ ಭಾಷೆ ಬಟನ್ ಒತ್ತಿದರೆ ಕನ್ನಡ ಧ್ವನಿ ಸಿಗುತ್ತದೆ. ಕೊಡವ ತಕ್ಕ್ ಮಾತ್ರ ಟಿವಿಯಿಂದ ಬರುವುದಿಲ್ಲ. ಮಗು ಮಾತಾಡಿದರೆ ಟಿವಿ ತಿರುಗಿ ಮಾತಾಡಲ್ಲ, ಮಾತು ಕಲಿಯುವುದು ತಿರುಗಿ ಮಾತಾಡುವವರಿಂದ. ನೀವು ಗಂಡ ಹೆಂಡತಿ ಅವನ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಅಂತ ಪತ್ರದಲ್ಲಿ ಬರೆದಿಲ್ಲ. ಅದನ್ನು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಕುಶಾಲನಗರದಿಂದ ಬರೆಯುತ್ತಿದ್ದೇನೆ. 10 ವರ್ಷದ ಮಗ ಚೆನ್ನಾಗಿ ಹಾಡುತ್ತಾನೆ. ರಿಯಾಲಿಟಿ ಶೋ ಒಂದರ ಆಡಿಷನ್‌ಗೆ ಕರೆದುಕೊಂಡು ಹೋಗೋಣ ಅಂತ ಇದ್ದೇವೆ. ಹೋಗಬಹುದಾ?

ಉತ್ತರ: ಹೋಗಬಹುದು, ಅವನಿಗೆ ಮನಸ್ಸಿದ್ದರೆ. ಮಗುವಿನ ಒಪ್ಪಿಗೆ ಇಲ್ಲದೆ ಕುಣಿಸುವ ಹಾಗಿಲ್ಲ ಅಂತ ಕಾನೂನೇ ಹೇಳುತ್ತದೆ. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮದಲ್ಲಿ ಇದಕ್ಕೆ ಸ್ಪಷ್ಟ ಲೆಕ್ಕ ಇದೆ. ದಿನಕ್ಕೆ 5 ಗಂಟೆ ಮೀರಬಾರದು. ಒಂದೇ ಸಮ 3 ಗಂಟೆಗಿಂತ ಹೆಚ್ಚು ಬಿಡುವಿಲ್ಲದೆ ನಿಲ್ಲಿಸಬಾರದು. ಸತತ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸಬಾರದು. ಸಂಪಾದನೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಕಾರ್ಯಕ್ರಮ ಮಾಡುವವರು ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು.

ಹೋಗುವ ಮೊದಲು ಆ ಬಗೆಯ ಶೋ ಒಂದನ್ನು ಮಗನ ಜೊತೆ ಕೂತು ನೋಡಿ. ಹೊರಬಿದ್ದ ಮಗುವಿನ ಕಣ್ಣೀರನ್ನು ಎಷ್ಟು ಹೊತ್ತು ತೋರಿಸಿದರು, ಆಗ ಸಂಗೀತ ಹೇಗಿತ್ತು ಅಂತ ಅವನ ಕೈಲೇ ಹೇಳಿಸಿ. ಅದು ತನ್ನ ಮುಖವಾದರೂ ಪರವಾಗಿಲ್ಲ ಅಂದರೆ ಬೆಂಗಳೂರು ಬಸ್ ಹತ್ತಿ. ಆಯ್ಕೆಯಾದರೆ ಅನುಮತಿ ಪತ್ರದ ಪ್ರತಿ ಕೇಳಿ. "ಅದೆಲ್ಲ ಆಮೇಲೆ ನೋಡೋಣ" ಅಂದರೆ ಅಂದೇ ರಾತ್ರಿ ವಾಪಸ್ ಬನ್ನಿ. ಕುಶಾಲನಗರಕ್ಕೆ ಬಸ್ಸಿಗೇನೂ ಬರ ಇಲ್ಲ.