ಮನೆ ಸಿಕ್ಕಿತು, ಗೇಟ್ ಸಿಗಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗೂಗಲ್ ಮ್ಯಾಪ್ಸ್ ಮೇಲಿನ ದೂರುಗಳೇ. ಈ ಅಂಕಣ ಬರೆಯುವ ಮೊದಲು ಒಂಬತ್ತು ವರ್ಷ ಬೈಕಿನಲ್ಲಿ ಪಾರ್ಸೆಲ್ ಹಂಚಿದವನು ನಾನು. ಮ್ಯಾಪನ್ನು ಬೈಯುವುದರಲ್ಲಿ ನಾನೇನು ಕಮ್ಮಿಯಿಲ್ಲ.

ಪ್ರಶ್ನೆ: ನಮ್ಮ ಮನೆಗೆ ಬರುವವರನ್ನೆಲ್ಲ ಮ್ಯಾಪ್ ಹಿಂದಿನ ಬೀದಿಗೆ ಕರೆದುಕೊಂಡು ಹೋಗಿ "ತಲುಪಿದ್ದೀರಿ" ಅನ್ನುತ್ತದೆ. ಅಲ್ಲಿರುವುದು ಬರೀ ಕಾಂಪೌಂಡ್ ಗೋಡೆ. ನಾನು ಲೊಕೇಶನ್ ಸರಿಯಾಗಿಯೇ ಕಳಿಸುತ್ತೇನೆ. ತಪ್ಪು ಯಾರದು ಸಾರ್?

ಉತ್ತರ: ನಿಮ್ಮ ಮನೆಗೂ ಬಂದಿದ್ದೆನೇನೋ! ಇಂಥದ್ದೇ ಒಂದು ಗೋಡೆ ಮುಂದೆ ಮಳೆಯಲ್ಲಿ ನಿಂತಿದ್ದೆ. ಒಳಗಿದ್ದವರು "ಇಲ್ಲೇ ಇದ್ದೀನಲ್ಲಪ್ಪಾ" ಅಂತ ಫೋನಿನಲ್ಲಿ ಹೇಳುತ್ತಿದ್ದರು. ಅವರ ದನಿ ಫೋನಿನಿಂದಲೂ ಕೇಳುತ್ತಿತ್ತು, ಗೋಡೆಯಾಚೆಯಿಂದಲೂ ಕೇಳುತ್ತಿತ್ತು. ಕೊನೆಗೆ ಬೈಕಿನ ಸೀಟ್ ಮೇಲೆ ಹತ್ತಿ ನಿಂತು ಡಬ್ಬಿಯನ್ನು ಗೋಡೆ ಮೇಲಿಂದ ಕೊಟ್ಟೆ.

ಆಗುವುದು ಇಷ್ಟೇ. ಮ್ಯಾಪ್‌ನಲ್ಲಿ ಜಾಗ ತೋರಿಸುವ ಗುರುತನ್ನು, ಅಂದರೆ ಪಿನ್ ಅನ್ನು, ನಾವು ಮನೆಯ ಚಾವಣಿ ಮೇಲೆ ಇಡುತ್ತೇವೆ. ಆ್ಯಪ್ ಆ ಪಿನ್‌ಗೆ ಹತ್ತಿರದ ರಸ್ತೆ ಯಾವುದು ಅಂತ ನೋಡಿ ಅಲ್ಲಿಗೆ ದಾರಿ ಹಾಕುತ್ತದೆ. ಹಿಂದಿನ ಬೀದಿ ನಾಲ್ಕು ಹೆಜ್ಜೆ ಹತ್ತಿರ ಇದ್ದರೆ ಮುಗೀತು, ಎಲ್ಲರೂ ಹಿಂದಿನ ಬೀದಿಗೇ. ನಡುವೆ ಗೋಡೆ ಇದೆ ಅನ್ನುವುದು ಎಷ್ಟೋ ಕಡೆ ಅದಕ್ಕೆ ಗೊತ್ತೇ ಇರುವುದಿಲ್ಲ. ಆದ್ದರಿಂದ ಪಿನ್ ಅನ್ನು ಮನೆ ಮೇಲೆ ಇಡಬೇಡಿ, ಗೇಟ್ ಮೇಲೆ ಇಡಿ. ಮ್ಯಾಪನ್ನು ಚೆನ್ನಾಗಿ ದೊಡ್ಡದು ಮಾಡಿ, ಉಪಗ್ರಹ ಚಿತ್ರಕ್ಕೆ ಬದಲಿಸಿ, ಗೇಟ್ ಇರುವ ಜಾಗದಲ್ಲಿ, ಇನ್ನೂ ಒಳ್ಳೆಯದೆಂದರೆ ಗೇಟ್ ಮುಂದಿನ ರಸ್ತೆಯಲ್ಲೇ, ಬೆರಳನ್ನು ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ಅದನ್ನು ಸೇವ್ ಮಾಡಿಕೊಂಡು ಇನ್ನು ಮುಂದೆ ಅದನ್ನೇ ಕಳಿಸಿ.

"ಸರಿಯಾಗಿಯೇ ಕಳಿಸುತ್ತೇನೆ" ಅಂದಿರಲ್ಲ, ಅಲ್ಲೂ ಒಂದು ಮಾತಿದೆ. ಒಳಗಿನ ಕೋಣೆಯಲ್ಲಿ ಸೋಫಾ ಮೇಲೆ ಕೂತು "ಈಗಿನ ಲೊಕೇಶನ್" ಕಳಿಸುವವರೇ ಜಾಸ್ತಿ. ಚಾವಣಿ ಕೆಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಫೋನ್ ಅಂದಾಜಿನಲ್ಲಿ ಒಂದು ಚುಕ್ಕೆ ಇಡುತ್ತದೆ. ನೀಲಿ ಚುಕ್ಕೆಯ ಸುತ್ತ ತಿಳಿನೀಲಿ ವೃತ್ತ ಕಂಡಿದ್ದೀರಲ್ಲ? ಅದು ಅಲಂಕಾರಕ್ಕಲ್ಲ. "ಈ ವೃತ್ತದೊಳಗೆ ಎಲ್ಲೋ ಇದ್ದೀರಿ, ಖಚಿತವಾಗಿ ಗೊತ್ತಿಲ್ಲ" ಅನ್ನುವುದು ಅದರ ಅರ್ಥ. ವೃತ್ತ ದೊಡ್ಡದಿದ್ದಾಗ ಕಳಿಸಲೇಬೇಡಿ. ಹೊರಗೆ ಬಂದು ಆಕಾಶ ಕಾಣುವಲ್ಲಿ ಅರ್ಧ ನಿಮಿಷ ನಿಲ್ಲಿ, ಅದು ಕುಗ್ಗುತ್ತದೆ.

ಇನ್ನೊಂದು, ಪಿನ್ ಬಿದ್ದ ಮೇಲೆ ಕೆಳಗಿನ ವಿವರದಲ್ಲಿ ಕೂಡಿಸುವ ಚಿಹ್ನೆ ಇರುವ ಒಂದು ಕೋಡ್ ಕಾಣುತ್ತದೆ. ಅದು ಪ್ಲಸ್ ಕೋಡ್. ಹತ್ತು ಅಕ್ಷರದ ಪೂರ್ತಿ ಕೋಡ್ ಹೆಚ್ಚು ಕಡಿಮೆ 14 ಮೀಟರ್ ಉದ್ದ, ಅಷ್ಟೇ ಅಗಲದ ಒಂದು ಚೌಕವನ್ನು ತೋರಿಸುತ್ತದೆ. ಮನೆ ನಂಬರ್ ಇಲ್ಲದ ಕಡೆ, ಬೀದಿಗೆ ಹೆಸರೇ ಇಲ್ಲದ ಕಡೆ ಇದನ್ನು ಫೋನಿನಲ್ಲಿ ಓದಿ ಹೇಳಿದರೂ ಸಾಕು. ಇದರಲ್ಲಿ ಸೊನ್ನೆ, ಒಂದು ಬರುವುದಿಲ್ಲ. ಇಂಗ್ಲಿಷಿನ ಓ, ಐ ಕೂಡ ಬರುವುದಿಲ್ಲ. ಒಂದನ್ನು ಇನ್ನೊಂದು ಅಂದುಕೊಳ್ಳುವ ಪ್ರಶ್ನೆಯೇ ಇಲ್ಲ. ಯಾರೋ ಬುದ್ಧಿವಂತರು ಕೂತು ಯೋಚಿಸಿದ್ದಾರೆ.

ಪ್ರಶ್ನೆ: ದಾರಿಯಲ್ಲಿ ನೆಟ್‌ವರ್ಕ್ ಹೋಯಿತು. ಮ್ಯಾಪ್ ಬೂದು ಬಣ್ಣಕ್ಕೆ ತಿರುಗಿತು, ಆದರೆ ನೀಲಿ ಚುಕ್ಕೆ ಮಾತ್ರ ಓಡುತ್ತಲೇ ಇತ್ತು! ಇದು ಹೇಗೆ?

ಉತ್ತರ: ಚುಕ್ಕೆಗೆ ಇಂಟರ್ನೆಟ್ ಬೇಡ, ಚಿತ್ರಕ್ಕೆ ಬೇಕು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಂಕೇತ ಕಳಿಸುತ್ತಲೇ ಇರುತ್ತವೆ. ನಿಮ್ಮ ಫೋನ್ ರೇಡಿಯೋ ಥರ ಸುಮ್ನೆ ಕೇಳಿಸಿಕೊಳ್ಳುತ್ತದೆ, ತಿರುಗಿ ಏನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹ ಕೇಳಿಸಿದರೆ ಜಾಗ ಲೆಕ್ಕ ಹಾಕುತ್ತದೆ.

ಬೂದು ಪರದೆಗೆ ಮದ್ದು ಹೊರಡುವ ಮುಂಚೆಯೇ ಮಾಡಬೇಕು. ಆ್ಯಪ್‌ನಲ್ಲಿ ನಿಮ್ಮ ಫೋಟೋ ಮುಟ್ಟಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಚೌಕದೊಳಗೆ ಬೇಕಾದ ಪ್ರದೇಶ ತಂದು ಡೌನ್‌ಲೋಡ್ ಮಾಡಿ. ಚೌಕವನ್ನು ತಲುಪುವ ಊರಿಗೆ ಮಾತ್ರ ಎಳೆಯಬೇಡಿ, ನಡುವಿನ ದಾರಿಯೂ ಅದರೊಳಗೆ ಬರಲಿ. ನಾನು ಮೊದಲ ಸಲ ಎರಡು ತುದಿಗಳನ್ನು ಇಳಿಸಿಕೊಂಡು ನಡುವಿನದ್ದನ್ನು ಬಿಟ್ಟಿದ್ದೆ. ನೆಟ್‌ವರ್ಕ್ ಹೋಗಿದ್ದು ನಡುವೆಯೇ.

ಆಫ್‌ಲೈನ್‌ನಲ್ಲಿ ವಾಹನದ ದಾರಿ ಮಾತ್ರ ಸಿಗುತ್ತದೆ. ನಡಿಗೆ, ಸೈಕಲ್, ಬಸ್ಸು-ರೈಲಿನ ದಾರಿ ಸಿಗುವುದಿಲ್ಲ. ಮುಂದೆ ಟ್ರಾಫಿಕ್ ಜಾಮ್ ಇದ್ದರೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಟ್ರಾಫಿಕ್‌ನ ಕೆಂಪು ಗೆರೆಯನ್ನು ನಂಬಬಹುದಾ?

ಉತ್ತರ: ಬಹುಮಟ್ಟಿಗೆ. ಆ ಕೆಂಪು ಬರುವುದು ಅಲ್ಲಿರುವ ನಮ್ಮಂಥವರ ಫೋನ್‌ಗಳಿಂದಲೇ. ಎಷ್ಟೋ ಫೋನ್‌ಗಳು ಒಂದೇ ಕಡೆ ತೆವಳುತ್ತಿದ್ದರೆ ರಸ್ತೆ ಕೆಂಪಾಗುತ್ತದೆ. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ ಬರ್ಲಿನ್‌ನಲ್ಲಿ 99 ಫೋನ್‌ಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ನಿಧಾನವಾಗಿ ಎಳೆದುಕೊಂಡು ಹೋದ. ಖಾಲಿ ರಸ್ತೆ ಮ್ಯಾಪ್‌ನಲ್ಲಿ ಕೆಂಪಾಯಿತು. ಅಂಥ ಕೈಗಾಡಿ ನಿಮಗೆ ದಿನಾ ಎದುರಾಗುವುದಿಲ್ಲ, ಬಿಡಿ.

ಕೆಂಪಿಗಿಂತ ನನಗೆ ಉಪಯೋಗಕ್ಕೆ ಬಂದದ್ದು ಹೊರಡುವ ಸಮಯ ಹಾಕಿ ನೋಡುವುದು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಂತ ಕೊಟ್ಟರೆ "25ರಿಂದ 50 ನಿಮಿಷ" ಅನ್ನುವ ಹಾಗೆ ಎರಡು ಅಂಕಿ ಬರುತ್ತವೆ. ಮನಸ್ಸು 25 ಅನ್ನುತ್ತದೆ. ನೀವು 50 ನಂಬಿ.

ಪ್ರಶ್ನೆ: ಒಂದೇ ಕೈಯಲ್ಲಿ ಮ್ಯಾಪನ್ನು ದೊಡ್ಡದು ಚಿಕ್ಕದು ಮಾಡಲು ಆಗುತ್ತದಾ? ಇನ್ನೊಂದು ಕೈಯಲ್ಲಿ ಸದಾ ಚೀಲ.

ಉತ್ತರ: ಆಗುತ್ತದೆ. ಹೆಬ್ಬೆರಳಲ್ಲಿ ಎರಡು ಸಲ ತಟ್ಟಿ, ಎರಡನೇ ಸಲ ಬೆರಳು ಎತ್ತದೆ ಮೇಲೆ ಕೆಳಗೆ ಎಳೆಯಿರಿ. ಚೀಲ ಕೆಳಗಿಡಬೇಕಾಗಿಲ್ಲ.

ಪ್ರಶ್ನೆ: ನಡೆದು ಹೋಗುವಾಗ ಪ್ರತಿ ಸಲವೂ ಮೊದಲು ಉಲ್ಟಾ ದಿಕ್ಕಿಗೇ ಹೋಗುತ್ತೇನೆ. ಇಪ್ಪತ್ತು ಹೆಜ್ಜೆ ಹಾಕಿದ ಮೇಲೆ ಗೊತ್ತಾಗುತ್ತದೆ.

ಉತ್ತರ: ಓಡುವ ಗಾಡಿಯಲ್ಲಿ ಫೋನ್‌ಗೆ ದಿಕ್ಕು ತಿಳಿಯುವುದು ಸುಲಭ, ಚುಕ್ಕೆ ಯಾವ ಕಡೆ ಸಾಗುತ್ತಿದೆ ಅಂತ ನೋಡಿದರಾಯಿತು. ನಿಂತಲ್ಲಿ ಅದು ಒಳಗಿನ ದಿಕ್ಸೂಚಿಯನ್ನು ನಂಬಬೇಕು. ಚುಕ್ಕೆಯಿಂದ ಟಾರ್ಚ್ ಬೆಳಕಿನಂತೆ ಹರಡಿರುವ ನೀಲಿಯನ್ನು ನೋಡಿ. ಅಗಲವಾಗಿದ್ದರೆ ದಿಕ್ಸೂಚಿ ಗೊಂದಲದಲ್ಲಿದೆ. ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಕೆಲವು ಸಲ ತಿರುಗಿಸಿ, ಬೆಳಕು ಸಣ್ಣಗಾಗುತ್ತದೆ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಫೋನ್ ಕವರ್‌ನಲ್ಲಿ ಅಯಸ್ಕಾಂತದ ಮುಚ್ಚಳ ಇದ್ದರೆ ಮೊದಲು ಅದನ್ನು ಕಳಚಿ.

ಪ್ರಶ್ನೆ: ಗಾಡಿ ಓಡಿಸುವಾಗ "ಎಲ್ಲಿದ್ದೀರಿ, ಎಲ್ಲಿದ್ದೀರಿ" ಅಂತ ಹೆಂಡತಿ ಹತ್ತು ಸಲ ಫೋನ್ ಮಾಡುತ್ತಾಳೆ. ಏನಾದರೂ ದಾರಿ ಇದೆಯಾ?

ಉತ್ತರ: ಹೊರಡುವ ಮುಂಚೆ ನ್ಯಾವಿಗೇಶನ್ ಶುರು ಮಾಡಿ, ಕೆಳಗಿನ ಪಟ್ಟಿಯನ್ನು ಮೇಲೆ ಎಳೆಯಿರಿ. ಪ್ರಯಾಣದ ಪ್ರಗತಿ ಹಂಚಿಕೊಳ್ಳುವ ಆಯ್ಕೆ ಇರುತ್ತದೆ. ಅವರಿಗೆ ಕಳಿಸಿಬಿಡಿ. ಎಲ್ಲಿದ್ದೀರಿ, ಎಷ್ಟು ಹೊತ್ತಿಗೆ ತಲುಪುತ್ತೀರಿ, ಎಲ್ಲ ಅವರ ಫೋನಿನಲ್ಲೇ ಕಾಣುತ್ತದೆ. ನೀವು ತಲುಪಿದ ಕೂಡಲೇ ಅದು ತಾನಾಗಿಯೇ ನಿಲ್ಲುತ್ತದೆ. ದಾರಿಯಲ್ಲಿ ಗೆಳೆಯನ ಮನೆ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೂ ಕಾಣುತ್ತದೆ, ಆ ಫೋನ್ ಬಂದರೆ ನನ್ನನ್ನು ಕೇಳಬೇಡಿ.